ಒಂದು ಪದ ಕಡಿಮೆ

ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಉಲ್ಟಾ ಮೇಷ್ಟ್ರು ಎಂದು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೊಂದು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದರು. ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕುವವನು ಮೇಷ್ಟ್ರಲ್ಲದೆ ಇನ್ನೇನು ಎಂದು ಮಷಿನ್ನಿನವರು ತೀರ್ಮಾನ ಮಾಡಿಬಿಟ್ಟಿದ್ದರು. ಉಲ್ಟಾ ಎಂಬುದು ಅವರು ಓದುವ ರೀತಿಯಿಂದ ಬಂದದ್ದು. ಪ್ರೂಫಿನ ಮೊದಲ ಓದು ಅಕ್ಕನ ಜೊತೆ. ಅಕ್ಕ ಎಂದರೆ ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುವ ಹಿರಿಯ ಹೆಂಗಸು. ಆಕೆಯ ಬಾಯಲ್ಲಿ ಲಗ್ನಪತ್ರಿಕೆಯೂ ಶ್ರದ್ಧಾಂಜಲಿಯೂ ಒಂದೇ ಧಾಟಿಯಲ್ಲಿ ಹೊರಬರುತ್ತಿದ್ದವು. ಎರಡನೆಯ ಓದು ಮೇಷ್ಟ್ರೊಬ್ಬರದೇ. ಪುಟದ ಕೊನೆಯ ಪದದಿಂದ ಶುರುಮಾಡಿ ಒಂದೊಂದೇ ಪದ ಹಿಂದಕ್ಕೆ ಬಂದು ಮೊದಲ ಪದದಲ್ಲಿ ಮುಗಿಸುವುದು. ನೆಟ್ಟಗೆ ಓದಿದರೆ ಅರ್ಥ ನಮ್ಮನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ತಪ್ಪು ಹಾಗೇ ಕಣ್ತಪ್ಪಿಸಿ ನಿಂತುಬಿಡುತ್ತದೆ, ಹಿಂದಿನಿಂದ ಬಂದರೆ ಅರ್ಥಕ್ಕೆ ಅಲ್ಲಿ ಏನೂ ಕೆಲಸವಿಲ್ಲ ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಅದರಲ್ಲಿ ಅವರಿಗೆ ಸಣ್ಣ ಜಂಬವೂ ಇತ್ತು.

ಆ ಪ್ರೆಸ್ಸಿಗೆ ಅನ್ನ ಹಾಕುತ್ತಿದ್ದುದು ಔಷಧಿ ಡಬ್ಬಿಯೊಳಗೆ ಮಡಿಚಿಡುವ ಮಾಹಿತಿ ಚೀಟಿಗಳು. ಬೆರಳಿನಷ್ಟು ಅಗಲಕ್ಕೆ ಮಡಿಚಿಕೊಂಡಿರುತ್ತವಲ್ಲ, ಬಿಚ್ಚಿದರೆ ಮೇಜಿನ ತುಂಬ ಹರಡಿ ಮತ್ತೆ ಯಾರು ಮಡಿಚಿದರೂ ಮೊದಲಿನಂತಾಗದ ಕಾಗದಗಳು. ಇರುವೆ ಸಾಲಿನಂಥ ಅಕ್ಷರ. ಅದನ್ನು ಇಡಿಯಾಗಿ ಓದುವವನು ಪ್ರಪಂಚದಲ್ಲಿ ಒಬ್ಬನೇ, ಅದು ನಮ್ಮ ಮೇಷ್ಟ್ರು ಎಂದು ಮಷಿನ್ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಮೇಷ್ಟ್ರೂ ಓದಿರಲಿಲ್ಲ. ನೂರಾರು ಕಾಯಿಲೆಗಳ ಚೀಟಿ ಅವರ ಕಣ್ಣ ಕೆಳಗೆ ಹಾದುಹೋಗಿತ್ತು, ತಲೆಯೊಳಗೆ ಒಂದೂ ಇಳಿದಿರಲಿಲ್ಲ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವರಿಗೇ ಒಂದು ಡಬ್ಬಿ ಗಂಟುಬಿತ್ತು. ಪ್ರೆಸ್ಸಿನ ಕೆಲಸದವರಿಗೆಲ್ಲ ವರ್ಷಕ್ಕೊಮ್ಮೆ ಆಗುವ ತಪಾಸಣೆಯಲ್ಲಿ ತೋಳಿಗೆ ಪಟ್ಟಿ ಸುತ್ತಿದವನು ಗಾಳಿ ಬಿಟ್ಟು, ಮತ್ತೆ ತುಂಬಿ, ಮತ್ತೆ ಬಿಟ್ಟು, ಮನೆಯಲ್ಲಿ ಯಾರಿಗಾದರೂ ಬಿ.ಪಿ. ಇತ್ತೇ ಎಂದು ಕೇಳಿದ. ಅಪ್ಪನಿಗಿತ್ತು ಎಂದರು ಮೇಷ್ಟ್ರು. ಅವರ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಲವತ್ತಾರರಲ್ಲಿ, ಟಿಕೆಟ್ ಹರಿಯುತ್ತಿದ್ದಾಗಲೇ ಬಲಗೈ ಕೆಳಗೆ ಬಿದ್ದುಹೋಗಿತ್ತು. ಆಮೇಲೆ ಎರಡು ವರ್ಷ ಬಾಯಿ ಸೊಟ್ಟಗಾಗಿ ಮಂಚದ ಮೇಲಿದ್ದರು. ಆ ಕೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಅದು ಯಾರೋ ಮರೆತು ಬಿಟ್ಟುಹೋದ ವಸ್ತುವೆಂಬಂತೆ. ಆಗ ಹತ್ತನೆಯ ತರಗತಿಯಲ್ಲಿದ್ದ ಮಗ ಅದನ್ನು ನೋಡುತ್ತ ಬೆಳೆದ. ಆದ್ದರಿಂದ ಡಾಕ್ಟರಮ್ಮ ದಿನಾ ಬೆಳಿಗ್ಗೆ ಒಂದು ಮಾತ್ರೆ, ಜೀವನಪೂರ್ತಿ, ಎಂದಾಗ ಮೇಷ್ಟ್ರು ಬೇಸರಪಡಲಿಲ್ಲ. ಎರಡು ಕೊಟ್ಟರೂ ನುಂಗಲು ತಯಾರಿದ್ದರು.

ಮನೆಯಲ್ಲಿ ಇದ್ದುದು ಮೂರು ಜನ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಪ್ಪದವರು. ಮಗಳಿಗೆ ಹನ್ನೆರಡು ವರ್ಷ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಮಗಳಿಗೆ ಈಜಿನ ಕ್ಲಾಸು. ಆ ಎರಡು ಗಂಟೆ ಗಂಡಹೆಂಡಿರ ಸ್ವಂತದ್ದು. ಇದನ್ನು ಅವರಿಬ್ಬರೂ ಎಂದೂ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಮಗಳು ಚೀಲ ಹಿಡಿದು ಮೆಟ್ಟಿಲು ಇಳಿದ ಸದ್ದು ನಿಂತ ಮೇಲೆ ಮೇಷ್ಟ್ರು ಪೇಪರ್ ಮಡಿಚುತ್ತಿದ್ದರು, ಹೆಂಡತಿ ಕಿಟಕಿಯ ಪರದೆ ಎಳೆಯುತ್ತಿದ್ದರು, ಅಷ್ಟೇ. ಈಜಿನ ಕ್ಲಾಸು ಶುರುವಾದಂದಿನಿಂದ ಜಗಳವಾಡಿದ ವಾರವೂ ಆ ಪರದೆ ಬಿದ್ದಿತ್ತು.

ಮಾತ್ರೆ ಶುರುವಾದ ಮೂರನೆಯ ತಿಂಗಳಲ್ಲಿ ಒಂದು ಭಾನುವಾರ ಮೇಷ್ಟ್ರು ಪೇಪರ್ ಮಡಿಚಲಿಲ್ಲ. ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಏಳಬೇಕು ಅನ್ನಿಸಲಿಲ್ಲ, ಅಷ್ಟೇ. ಆಯಾಸವಿರಬೇಕು ಎಂದುಕೊಂಡರು. ಮುಂದಿನ ವಾರ ಎದ್ದರು, ಆದರೆ ಹೊಟ್ಟೆ ತುಂಬಿದವನು ನೆಂಟರ ಮನೆಯಲ್ಲಿ ಎಲೆಯ ಮುಂದೆ ಕೂತ ಹಾಗಾಯಿತು. ದೇಹ ಕೈಕೊಟ್ಟಿದ್ದರೆ ಅದಕ್ಕೊಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಇಲ್ಲಿ ಬೇಕು ಎನ್ನುವುದೇ ಮಾಯವಾಗಿತ್ತು. ಹೆಂಡತಿಯನ್ನು ನೋಡಿದರೆ ಪ್ರೀತಿ ಉಕ್ಕುತ್ತಿತ್ತು, ಆಕೆ ಕೆಮ್ಮಿದರೆ ಜೀವ ಹಾರುತ್ತಿತ್ತು, ಅದೊಂದು ಮಾತ್ರ ಎಲ್ಲಿ ಹುಡುಕಿದರೂ ಇರಲಿಲ್ಲ.

ಭಯ ಶುರುವಾದದ್ದು ಅಲ್ಲಿಂದ. ಸಾಯುವುದು ಹೀಗೇ ಒಂದೊಂದು ಕಡೆಯಿಂದ ಶುರುವಾಗುತ್ತದೆಯೇನೋ, ಇವತ್ತು ಇದು, ನಾಳೆ ಕೈ, ನಾಡಿದ್ದು ನಾಲಿಗೆ ಎಂದು ಅವರ ಮನಸ್ಸು ಲೆಕ್ಕ ಹಾಕತೊಡಗಿತು. ಡಾಕ್ಟರಮ್ಮನಿಗೆ ಹೇಳಬಹುದಿತ್ತು. ತಿಂಗಳಿಗೊಮ್ಮೆ ಹೋದಾಗ ಆಕೆ, ಬೇರೆ ಏನಾದರೂ ತೊಂದರೆ ಇದೆಯೇ ಎಂದು ತಪ್ಪದೆ ಕೇಳುತ್ತಿದ್ದರು. ಮೇಷ್ಟ್ರ ತಂಗಿಯ ವಯಸ್ಸಿನವರು. ಮೇಷ್ಟ್ರು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡುತ್ತ ಏನೂ ಇಲ್ಲ ಎನ್ನುತ್ತಿದ್ದರು.

ಮನೆಯಲ್ಲಿ ನೆಪಗಳು ಹುಟ್ಟಿಕೊಂಡವು. ಒಂದು ಭಾನುವಾರ ಫ್ಯಾನು ಬಿಚ್ಚಿ ಒರೆಸಿದರು. ಇನ್ನೊಂದು ಭಾನುವಾರ ತುರ್ತು ಎಂದು ಪ್ರೂಫ್ ಮನೆಗೆ ತಂದರು. ಕೊನೆಗೆ ಮಗಳನ್ನು ತಾವೇ ಈಜುಕೊಳಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆಯವರೆಗೆ ಕ್ಲೋರಿನ್ ವಾಸನೆಯಲ್ಲಿ ಕಲ್ಲುಬೆಂಚಿನ ಮೇಲೆ ಕೂತಿರತೊಡಗಿದರು. ಅಪ್ಪ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವರಾದರಲ್ಲ ಎಂದು ಮಗಳಿಗೆ ಖುಷಿಯೋ ಖುಷಿ.

ಹೆಂಡತಿ ಮೊದಲು ಕೀಟಲೆ ಮಾಡಿದರು. ವಯಸ್ಸಾಯಿತೇ, ಕನ್ನಡಕದ ನಂಬರು ಬದಲಾಗಿದೆಯೇ, ನಾನು ಕಾಣಿಸುತ್ತಿದ್ದೇನೋ ಇಲ್ಲವೋ ಎಂದರು. ಆಮೇಲೆ ಕೀಟಲೆ ನಿಂತಿತು. ಒಂದು ದಿನ ಕೂದಲು ಕತ್ತರಿಸಿಕೊಂಡು ಬಂದರು. ಮೇಷ್ಟ್ರು ಚೆನ್ನಾಗಿದೆ ಎಂದು ಹೇಳಿ, ಹೇಳಿದ ಕೂಡಲೇ ಬೇರೆ ಕೋಣೆಗೆ ಹೋದರು. ಇನ್ನೊಂದು ದಿನ ಬೆಳಿಗ್ಗೆ, ಆಕೆ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಕೇಳಿದರು.

"ಬೇರೆ ಯಾರಾದ್ರೂ ಇದ್ದಾರಾ?"

"ನಿನಗೇನು ಹುಚ್ಚಾ" ಎಂದರು ಮೇಷ್ಟ್ರು. ತಪ್ಪು ಮಾಡಿದ ಗಂಡಸರೆಲ್ಲ ಹೇಳುವುದು ಇದನ್ನೇ ಎಂದು ಆ ಕ್ಷಣವೇ ಅವರಿಗೆ ಹೊಳೆಯಿತು. ಆಕೆ ನಲ್ಲಿ ಜೋರಾಗಿ ತಿರುಗಿಸಿದರು. ಪರೀಕ್ಷೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಸ್ವಲ್ಪ ದಿನ ತವರುಮನೆಗೆ ಹೋಗಿ ಇರುತ್ತೇನೆ ಎಂದು ಅದೇ ವಾರ ಹೇಳಿದರು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.

ಎಂಟನೆಯ ತಿಂಗಳಲ್ಲಿ ಅವರದೇ ಮಾತ್ರೆಯ ಚೀಟಿ ಮರುಮುದ್ರಣಕ್ಕೆ ಬಂತು. ಅಕ್ಕ ಎಂದಿನಂತೆ ಓದಿ ಮುಗಿಸಿ ಚಹಾಕ್ಕೆ ಹೋದರು. ಮೇಷ್ಟ್ರು ಕೊನೆಯಿಂದ ಶುರುಮಾಡಿದರು. ಕಂಡುಬರಬಹುದು. ಕುಂದುವುದು. ಆಸಕ್ತಿ. ನಿದ್ರೆಗೆಡುವುದು. ಪೆನ್ನು ಅಲ್ಲೇ ನಿಂತಿತು. ಅಕ್ಷರ ಸರಿಯಿತ್ತು, ಒತ್ತು ಸರಿಯಿತ್ತು, ಅಲ್ಪವಿರಾಮವೂ ಇತ್ತು. ಆದರೂ ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದ ಹಾಗೆ, ಆಸಕ್ತಿಗೂ ನಿದ್ರೆಗೂ ನಡುವೆ ಅವರ ಕಣ್ಣು ಹೋಗಿ ಹೋಗಿ ಬಂತು. ಅಲ್ಲೊಂದು ಪದ ಇತ್ತು. ಅದನ್ನು ತೆಗೆದವರು ಅವರೇ.

ಆರು ವರ್ಷದ ಹಿಂದಿನ ಮಾತು. ಚೀಟಿಯ ಒಂದು ಪುಟಕ್ಕೆ ಹಿಡಿಸುವುದು ಅರವತ್ತನಾಲ್ಕು ಸಾಲು. ಮೊದಲ ಪ್ರೂಫಿನಲ್ಲಿ ಒಂದೇ ಒಂದು ಪದ ಅರವತ್ತೈದನೆಯ ಸಾಲಿಗೆ ಜಾರಿತ್ತು. ಹಾಗೇ ಬಿಟ್ಟರೆ ಅಕ್ಷರ ಮಡಿಕೆಯ ಮೇಲೆ ಬೀಳುತ್ತದೆ, ಕಂಪನಿಯವರು ಇಡೀ ಸರಕು ವಾಪಸು ಕಳಿಸುತ್ತಾರೆ. ಆ ಪ್ಯಾರಾದಲ್ಲಿ ಒಂದು ಪದ ಕಡಿಮೆಯಾದರೆ ಸಾಲು ಕೂರುತ್ತಿತ್ತು. ತೆಗೆಯಬಹುದಾದವು ನಾಲ್ಕಾರಿದ್ದವು, 'ಸಾಮಾನ್ಯವಾಗಿ' ಇತ್ತು, 'ಕೆಲವೊಮ್ಮೆ' ಇತ್ತು. ಆದರೆ ಅವತ್ತು ಬೆಳಿಗ್ಗೆ ಅಕ್ಕ ಆ ಸಾಲಿಗೆ ಬಂದಾಗ ಜೀವಮಾನದಲ್ಲಿ ಮೊದಲ ಬಾರಿ ತಡವರಿಸಿ ಕೆಮ್ಮಿದ್ದರು. ಮೇಷ್ಟ್ರ ಕಿವಿ ಕೆಂಪಾಗಿತ್ತು. ಇನ್ನೂ ಎರಡು ಪ್ರೂಫ್ ಬಾಕಿಯಿತ್ತು, ಅಂದರೆ ಆ ಹಿರಿಯ ಹೆಂಗಸು ಇನ್ನೂ ಎರಡು ಸಲ ಅದನ್ನು ಅವರ ಮುಖದ ಮುಂದೆ ಗಟ್ಟಿಯಾಗಿ ಹೇಳಬೇಕು. 'ಲೈಂಗಿಕ ಆಸಕ್ತಿ ಕುಂದುವುದು' ಎಂಬಲ್ಲಿ ಮೊದಲ ಪದಕ್ಕೆ ಮೇಷ್ಟ್ರು ಪ್ರೂಫಿನಲ್ಲೂ ಅಕ್ಕನ ಮೂಲ ಪ್ರತಿಯಲ್ಲೂ ಗೆರೆ ಎಳೆದು ತೆಗೆ ಎಂಬ ಗುರುತು ಹಾಕಿದರು. ಸಾಲು ಅಚ್ಚುಕಟ್ಟಾಗಿ ಕೂತಿತು. ಕಂಪನಿಯವನು ನಿಂತ ಕಾಲಲ್ಲೇ ಸಹಿ ಮಾಡಿ ಹೋದ.

ಈಗ ಒಂದು ಗಳಿಗೆ ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಂದರೆ ಇದು ಮಾತ್ರೆಯ ಕೆಲಸ. ಮರುಗಳಿಗೆಗೆ ಇನ್ನೊಂದು ಲೆಕ್ಕ ಶುರುವಾಯಿತು. ಆರು ವರ್ಷ, ಎಷ್ಟು ಡಬ್ಬಿ, ಎಷ್ಟು ಮನೆ. ಚಹಾ ಮುಗಿಸಿ ಬಂದ ಅಕ್ಕನಿಗೆ ಆ ಸಾಲು ತೋರಿಸಿ, ಇದನ್ನು ಓದಿದರೆ ಏನು ಅರ್ಥವಾಗುತ್ತದೆ ಎಂದು ಸುಮ್ಮನೆ ಕೇಳುವವರ ಹಾಗೆ ಕೇಳಿದರು. ಊಟತಿಂಡಿ ಮೇಲೆ ಆಸೆ ಹೋಗುತ್ತದೆ ಅಂತ ತಾನೇ ಎಂದರು ಅಕ್ಕ. ಪದವನ್ನು ವಾಪಸು ಸೇರಿಸಬಹುದಿತ್ತು. ಸೇರಿಸಿದರೆ ಇಷ್ಟು ವರ್ಷ ಎಲ್ಲಿ ಹೋಗಿತ್ತು ಎಂದು ಕಂಪನಿಯವರು ಕೇಳುತ್ತಾರೆ, ಹಳೆಯ ಪ್ರೂಫ್ ತೆಗೆಸುತ್ತಾರೆ, ಕೆಂಪು ಗೆರೆ ಯಾರದೆಂದು ಇಡೀ ಪ್ರೆಸ್ಸಿಗೆ ಗೊತ್ತು. ಮೇಷ್ಟ್ರು ಸರಿಯಿದೆ ಎಂದು ಬರೆದು ಸಹಿ ಹಾಕಿದರು. ಕಾಗದ ಬರುವುದು ತಡವಾಗಿ ಕೆಲಸ ಮುಂದಿನ ವಾರಕ್ಕೆ ಬಿತ್ತು.

ಮರುದಿನದಿಂದ ಅವರು ಮಾತ್ರೆ ನಿಲ್ಲಿಸಿದರು. ಡಾಕ್ಟರಿಗೆ ಹೇಳುವುದಕ್ಕಿಂತ ಇದು ಸುಲಭವಾಗಿ ಕಂಡಿತು. ಹದಿನೈದು ದಿನ ಬಿಟ್ಟು ನೋಡುವುದು, ಹಳೆಯದು ಮರಳಿದರೆ ಹೆಂಡತಿಗೂ ಏನೂ ಹೇಳಬೇಕಾಗಿಲ್ಲ. ಹೆಂಡತಿಯ ಎದುರಿಗೇ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು, ಬಾಯಿಗೆ ಹಾಕಿದ ಹಾಗೆ ಮಾಡಿ, ನೀರು ಕುಡಿದು, ಜೇಬಿಗೆ ಇಳಿಸುತ್ತಿದ್ದರು. ದಾರಿಯಲ್ಲಿ ನೆನಪಾದರೆ ಚರಂಡಿಗೆ ಎಸೆಯುತ್ತಿದ್ದರು.

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ವೈದ್ಯರ ಸಲಹೆಯಿಲ್ಲದೆ ತಟ್ಟನೆ ನಿಲ್ಲಿಸಬಾರದು, ಅಪಾಯವಾಗಬಹುದು. ದಪ್ಪ ಅಕ್ಷರ ಸರಿಯಾಗಿ ಬಿದ್ದಿದೆಯೇ ಎಂದು ನೋಡಿದ್ದೂ ಅವರೇ. ನಾಲ್ಕನೆಯ ದಿನದ ಹೊತ್ತಿಗೆ ಕಿವಿಯೊಳಗೆ ತಮ್ಮ ಎದೆಬಡಿತ ಕೇಳತೊಡಗಿತು. ಕುತ್ತಿಗೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ. ಗಂಟೆಗೊಮ್ಮೆ ರದ್ದಿ ಪ್ರೂಫಿನ ಮೇಲೆ ಸಹಿ ಹಾಕಿ ಹಿಂದಿನ ಸಹಿಯ ಪಕ್ಕ ಇಟ್ಟು ನೋಡುತ್ತಿದ್ದರು, ಬಲಗೈ ಬಿದ್ದುಹೋಗುವ ಮುಂಚೆ ಅಕ್ಷರ ಸೊಟ್ಟಗಾಗುತ್ತದೆ ಎಂದು ತಾವೇ ಒಂದು ಶಾಸ್ತ್ರ ಕಟ್ಟಿಕೊಂಡು. ನೋಡಿ ನೋಡಿ ಎಲ್ಲ ಸಹಿಯೂ ಸೊಟ್ಟಗೇ ಕಾಣತೊಡಗಿತು. ಬಚ್ಚಲಿನ ಕನ್ನಡಿಯ ಮುಂದೆ ನಗುವನ್ನು ಎಳೆದು ತುಟಿಯ ಎರಡು ತುದಿ ಸಮನಾಗಿವೆಯೇ ಎಂದು ನೋಡಿಕೊಂಡರು. ಭಾನುವಾರ ಬಂತು. ಅವತ್ತು ಈಜುಕೊಳಕ್ಕೆ ಹೋಗದೆ ಮನೆಯಲ್ಲೇ ಕೂತರು. ಹೆಂಡತಿ ಪರದೆಯ ಹತ್ತಿರ ಒಂದು ನಿಮಿಷ ನಿಂತು ಇವರ ಮುಖ ನೋಡಿದರು. ಮೇಷ್ಟ್ರಿಗೆ ಬೇಕೆಂಬುದು ಬರಲಿಲ್ಲ. ಬಂದದ್ದು ಹೆದರಿಕೆ, ಮೈಯಲ್ಲಿ ಅದನ್ನು ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಆಕೆ ಪರದೆಯನ್ನು ಪೂರ್ತಿ ಸರಿಸಿ ಬೆಳಕು ಒಳಬಿಟ್ಟು ಅಡುಗೆಮನೆಗೆ ಹೋದರು.

ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಪ್ರೂಫ್ ಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆಗೆ ಮನೆಯವರು ಯಾರೂ ಬಂದಿರಲಿಲ್ಲ. ಆಕೆಯ ಮುಷ್ಟಿ ಬಿಗಿಯಾಗಿತ್ತು. ಹತ್ತಿರ ಬಂದು ಪ್ರೂಫಿನ ಮೇಲೆ ಅದನ್ನು ಬಿಚ್ಚಿದರು. ಒಗೆಯಲು ಹಾಕಿದ ಷರ್ಟುಗಳ ಜೇಬಿನಿಂದ ತೆಗೆದ ಮೂರು ಮಾತ್ರೆ, ದಾರದ ಜುಂಗು ಮೆತ್ತಿಕೊಂಡು ಅರೆಬರೆ ಕರಗಿದ್ದವು. ಅಕ್ಕ ಮೆಲ್ಲಗೆ ಎದ್ದು ಹೊರಗೆ ಹೋದರು. ಹೆಂಡತಿ ಏಳಿ ಎಂದರು, ಅಷ್ಟೇ. ರಸ್ತೆಯುದ್ದಕ್ಕೂ ಆಕೆ ಮೇಷ್ಟ್ರ ಬಲಗೈಯನ್ನು ಬಿಡಲಿಲ್ಲ.

ಡಾಕ್ಟರಮ್ಮ ಪಟ್ಟಿ ಸುತ್ತಿ ನೋಡಿ, ಮತ್ತೊಮ್ಮೆ ನೋಡಿದರು. ಬಿ.ಪಿ.ಯ ಮೇಲಿನ ಅಂಕಿ ಇನ್ನೂರ ಹತ್ತು. ಒಳಗಿನ ಕೋಣೆಯ ಮಂಚದ ಮೇಲೆ ಮಲಗಿಸಿ, ಮಾತ್ರೆ ಕೊಟ್ಟು, 'ಕೈಯೆತ್ತಿ', 'ನಗಿ', 'ನಿಮ್ಮ ಹೆಸರು ಹೇಳಿ' ಎಂದು ಒಂದೊಂದೇ ಪರೀಕ್ಷೆ ಮಾಡಿದರು. ಅಪ್ಪನನ್ನೂ ಹೀಗೇ ಕೇಳಿದ್ದರು. ಇನ್ನೂ ಏನೂ ಆಗಿಲ್ಲ ಎಂದರು ಡಾಕ್ಟರಮ್ಮ. ಆ 'ಇನ್ನೂ' ಎಂಬುದು ಮೇಷ್ಟ್ರ ಕಿವಿಯಲ್ಲಿ ನಿಂತಿತು.

ಸ್ಟೂಲಿನ ಮೇಲೆ ಕೂತ ಹೆಂಡತಿ ಆಗ ಬಾಯಿಬಿಟ್ಟರು.

"ಸಾಯೋಕೆ ಹೊರಟಿದ್ರಾ? ನನ್ನ ಜೊತೆ ಇರೋದು ಅಷ್ಟು ಬೇಡವಾಗಿದ್ರೆ ಹೇಳ್ಬೇಕಿತ್ತು. ನಾನೇ ಹೋಗ್ತಿದ್ದೆ."

ಮೇಷ್ಟ್ರ ಕಣ್ಣು ತುಂಬಿತು. ಯಾಕೆ ನಿಲ್ಲಿಸಿದಿರಿ ಎಂದು ಡಾಕ್ಟರಮ್ಮನೂ ಕೇಳಿದರು. ಮೇಷ್ಟ್ರು ಛಾವಣಿ ನೋಡುತ್ತ, ಪ್ರೂಫ್ ಓದುವವರ ಹಾಗೆ ಕೊನೆಯಿಂದ ಶುರುಮಾಡಿದರು.

"ಹೋಗಿಬಿಟ್ಟಿದೆ... ಆಸಕ್ತಿ."

"ಯಾವುದರಲ್ಲಿ?" ಎಂದರು ಡಾಕ್ಟರಮ್ಮ.

ಆ ಒಂದು ಪದ ಹೊರಬರಲು ಅರ್ಧ ನಿಮಿಷ ಹಿಡಿಯಿತು. ಬಂದಾಗ ಅದು ಪಿಸುಮಾತಾಗಿತ್ತು. ಡಾಕ್ಟರಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ, ಬಿ.ಪಿ.ಯಿಂದಲೂ ಆಗಬಹುದು, ಹೆದರಿಕೆಯಿಂದಲೂ ಆಗಬಹುದು, ಬೇರೆ ಮಾತ್ರೆಗಳಿವೆ, ನಿಧಾನವಾಗಿ ಬದಲಾಯಿಸಿ ನೋಡೋಣ, ಸರಿಹೋಗಲು ಎಷ್ಟು ದಿನವೆಂದು ಮಾತ್ರ ಈಗಲೇ ಹೇಳಲಾರೆ ಎಂದರು. ಇಷ್ಟನ್ನು ಮೊದಲೇ ಹೇಳಬಾರದಿತ್ತೇ, ಚೀಟಿಯಲ್ಲೇ ಬರೆದಿರುತ್ತದಲ್ಲ ಎಂದೂ ಸೇರಿಸಿದರು.

"ಬರೆದಿಲ್ಲ" ಎಂದರು ಹೆಂಡತಿ.

ಡಾಕ್ಟರಮ್ಮ ಅರ್ಥವಾಗದೆ ನೋಡಿದರು.

"ನಾಲ್ಕು ಸಲ ಓದಿದೀನಿ. ಅಂಗಡಿಗೆ ತಗೊಂಡು ಹೋಗಿ ಭೂತಗನ್ನಡಿ ಇಟ್ಟು ಓದಿದೀನಿ. ಆಸಕ್ತಿ ಕುಂದುವುದು ಅಂತ ಇತ್ತು. ಊಟದಲ್ಲೋ ಕೆಲಸದಲ್ಲೋ ಅಂದ್ಕೊಂಡೆ, ಇವರಿಗೆ ಅವೆರಡೂ ಸರಿಯಾಗೇ ಇತ್ತು. ಮಾತ್ರೆಯಿಂದ ಅಂತ ಒಂದು ಮಾತು ಇದ್ದಿದ್ರೆ ಸಾಕಾಗಿತ್ತು ನನಗೆ. ಇರಲಿಲ್ಲ. ಹಾಗಾದ್ರೆ ತಪ್ಪು ನನ್ನ ಮೈಯಲ್ಲೇ ಇದೆ ಅಂದ್ಕೊಂಡು ಐದು ತಿಂಗಳು ಕನ್ನಡಿ ನೋಡಿಲ್ಲ ನಾನು."

ಬೀರುವಿನಿಂದ ಒಂದು ಡಬ್ಬಿ ತೆಗೆದು ಚೀಟಿ ಬಿಚ್ಚಿದ ಡಾಕ್ಟರಮ್ಮ, ಬೆರಳಿಟ್ಟು ಓದಿ, ನಿಜ, ಇಲ್ಲವಲ್ಲ ಎಂದರು.

"ನಾನೇ ತೆಗೆದದ್ದು" ಎಂದರು ಮೇಷ್ಟ್ರು.

ಹೆಂಡತಿ ತಿರುಗಿ ನೋಡಿದರು. "ಯಾಕೆ?"

"ಸಾಲು ಹಿಡಿಸಲಿಲ್ಲ."

ಅಲ್ಲಿಯವರೆಗೂ ಹಿಡಿದುಕೊಂಡಿದ್ದ ಮೇಷ್ಟ್ರ ಕೈಯನ್ನು ಹೆಂಡತಿ ಬಿಟ್ಟರು. ಇನ್ನೂರ ಹತ್ತಕ್ಕೆ ಹೆದರದಷ್ಟು ಮೇಷ್ಟ್ರು ಆ ಬಿಟ್ಟ ಕೈಗೆ ಹೆದರಿದರು. ಕೊನೆಗೆ ಆಕೆ ಬಹಳ ಮೆಲ್ಲಗೆ, ಜಗಳದ ದನಿಯೇ ಇಲ್ಲದೆ ಕೇಳಿದರು, ನನ್ನ ಹಾಗೆ ಇನ್ನೂ ಎಷ್ಟು ಜನ ಹೆಂಗಸರು ಅದನ್ನು ಓದಿರುತ್ತಾರೆ ಎಂದು.

ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂವರೆ. ಕಾಗದ ನಿನ್ನೆಯೇ ಬಂದಿತ್ತು. ಇವರದೇ ಸಹಿಯಿದ್ದ ಚೀಟಿ ಮಧ್ಯಾಹ್ನದ ಪಾಳಿಯಲ್ಲಿ ಮಷಿನ್ ಏರುವುದಿತ್ತು, ಏರಿಯೇ ಬಿಟ್ಟಿತ್ತೋ ಏನೋ. ಫೋನು ಬೇಕು ಎಂದರು. ಡಾಕ್ಟರಮ್ಮ ಏಳಕೂಡದು ಎಂದರೂ ಕೇಳದೆ, ಗೋಡೆ ಹಿಡಿದುಕೊಂಡು ಹೊರಗಿನ ಹಾಲಿಗೆ ಬಂದರು. ಫೋನಿದ್ದುದು ಅಲ್ಲೇ, ರೋಗಿಗಳ ಹೆಸರು ಬರೆದುಕೊಳ್ಳುವವಳ ಮೇಜಿನ ಮೇಲೆ. ಬೆಂಚಿನ ತುಂಬ ರೋಗಿಗಳು. ಹೆಂಡತಿ ಹಿಂದೆಯೇ ಬಂದು ಪಕ್ಕದಲ್ಲಿ ನಿಂತರು.

ಮಷಿನ್ ಮನೆಯ ಫೋರ್‌ಮನ್ ಎತ್ತಿಕೊಂಡ. ಹಿಂದೆ ಮಷಿನ್ ಗಡಗಡ ಎನ್ನುತ್ತಿತ್ತು. ನಿಲ್ಲಿಸಿ, ಬಿ.ಪಿ. ಚೀಟಿಯಲ್ಲಿ ಒಂದು ಪದ ಬಿಟ್ಟಿದೆ, ತಪ್ಪು ನನ್ನದು, ಸಾಹುಕಾರರಿಗೆ ನಾನೇ ಬಂದು ಹೇಳುತ್ತೇನೆ ಎಂದರು ಮೇಷ್ಟ್ರು. ಕೆಲಸ ಹೋಗುತ್ತದೆ ಎಂಬುದು ಆ ಮಾತು ಆಡುವಾಗಲೇ ಕಣ್ಣಮುಂದೆ ಬಂತು. ಯಾವ ಪದ ಎಂದ ಫೋರ್‌ಮನ್. ಮೇಷ್ಟ್ರು ಹೇಳಿದರು. ಕೇಳಿಸಲಿಲ್ಲ ಎಂದ. ಮತ್ತೆ ಹೇಳಿದರು.

"ಮಷಿನ್ ಸದ್ದು ಮೇಷ್ಟ್ರೇ, ಗಟ್ಟಿಯಾಗಿ ಹೇಳಿ."

ಮೇಷ್ಟ್ರು ಉಸಿರು ತುಂಬಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಹಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಬೆಂಚಿನ ಮೇಲಿದ್ದವರ ಮಾತು ಗಪ್ಪನೆ ನಿಂತಿತು, ಎಲ್ಲರೂ ಇವರ ಕಡೆಗೇ ತಿರುಗಿದರು. ಆಮೇಲೆ ಫೋನಿನಲ್ಲಿ ಮಷಿನ್ನಿನ ಸದ್ದೂ ನಿಂತಿತು. ಮೇಷ್ಟ್ರ ಕಣ್ಣು ನೆಲದ ಮೇಲಿತ್ತು. ಪಕ್ಕದಲ್ಲಿ ಹೆಂಡತಿ ತಲೆಯೆತ್ತಿಕೊಂಡೇ, ತಮ್ಮನ್ನು ನೋಡುತ್ತಿದ್ದ ಅಷ್ಟೂ ಜನರನ್ನು ನೋಡುತ್ತ ನಿಂತಿದ್ದರು.